ಹೆದ್ದಾರಿ ಮಾಡುವವರು ನಮ್ಮನ್ನು ಕೇಳುತ್ತಾರೆಯೇ?

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ಹೊಲಕ್ಕೆ ಹೋದಾಗ ಬದುವಿನ ಒಳಗೆ ಸಾಲಾಗಿ ಗುರುತಿನ ಕಲ್ಲುಗಳನ್ನು ನೆಟ್ಟಿದ್ದರು. ರಸ್ತೆ ಅಗಲ ಮಾಡಲು ಜಾಗ ಹೋಗುತ್ತದೆ ಎಂದು ಪಕ್ಕದ ಹೊಲದವರು ಹೇಳಿದರು. ಜಾಗ ಕೊಡಲು ನಾನಾ ಅವರ ತಕರಾರು ಇರಲಿಲ್ಲ. ನಮ್ಮದು ಎರೆಭೂಮಿ. ರಸ್ತೆ ಎತ್ತರವಾದರೆ ಮಳೆ ನೀರು ಹೊಲದಲ್ಲೇ ನಿಂತು ತೊಗರಿ ಕೊಳೆಯುತ್ತದೆ. ಅಲ್ಲೊಂದು ಮೋರಿ ಬೇಕು ಎನ್ನುವುದಷ್ಟೇ ಅವರ ಮಾತು. ಕಚೇರಿಗೆ ಹೋಗಿ ಕೇಳಿದರೆ, "ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು, ಆಕ್ಷೇಪಣೆಯ ಅವಧಿ ಮುಗಿದಿದೆ" ಎಂದರು. ನಾನಾ ಓದುವುದು ಉರ್ದು ಪತ್ರಿಕೆ. ಮನೆಯಲ್ಲಿ ಕನ್ನಡ ಪತ್ರಿಕೆ ಓದುವವನು ನಾನೊಬ್ಬನೇ. ನಾನು ಪ್ರಕಟಣೆಗಳ ಪುಟ ಬಿಟ್ಟು ಕ್ರಿಕೆಟ್ ಸುದ್ದಿ ಓದುತ್ತಿದ್ದೆ.

ನಮ್ಮ ಮನೆಯಲ್ಲಿ ಮದುವೆ ಮಾಡಬೇಕಾದರೂ ಎತ್ತು ಮಾರಬೇಕಾದರೂ ಮೊದಲು ಮಶ್ವರಾ ಮಾಡುತ್ತಾರೆ. ಸಾರ್ವಜನಿಕ ಸಮಾಲೋಚನೆ ಅಂದರೂ ಅದೇ: ನಿರ್ಧಾರ ಆಗುವ ಮೊದಲು, ಅದರಿಂದ ಲಾಭ ನಷ್ಟ ಆಗುವವರನ್ನು ಕೇಳುವುದು. ಹೆದ್ದಾರಿಯ ವಿಷಯದಲ್ಲಿ ಈ ಕೇಳುವಿಕೆ ಎಲ್ಲಿದೆ, ಎಲ್ಲಿಲ್ಲ ಎಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಸಿಂದಗಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 50 ಹಾದು ಹೋಗುತ್ತದೆ. ಅದು ಬೀದರ್, ಕಲಬುರಗಿ, ಜೇವರ್ಗಿ ಕಡೆಯಿಂದ ಬಂದು ವಿಜಯಪುರ, ಹುನಗುಂದ, ಹೊಸಪೇಟೆ ದಾಟಿ ಚಿತ್ರದುರ್ಗ ಸೇರುತ್ತದೆ. ದೇಶದ ಮುಖ್ಯ ಹೆದ್ದಾರಿಗಳನ್ನು ಕಟ್ಟಿಸಿ ನೋಡಿಕೊಳ್ಳುವುದು ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. 1988ರ ಕಾಯ್ದೆಯಿಂದ ರಚನೆಯಾದ ಇದು 1995ರಲ್ಲಿ ಕೆಲಸ ಆರಂಭಿಸಿತು. ಕೆಲವು ಹೆದ್ದಾರಿಗಳ ಕೆಲಸವನ್ನು ಕೇಂದ್ರದ ಪರವಾಗಿ ರಾಜ್ಯದ ಲೋಕೋಪಯೋಗಿ ಇಲಾಖೆಯೇ ಮಾಡುತ್ತದೆ.

ವಾಣಿಜ್ಯ ವಿಭಾಗದವರು ಅರ್ಥಶಾಸ್ತ್ರದಲ್ಲಿ ಏಕಸ್ವಾಮ್ಯದ ಪಾಠ ಓದಿದ್ದೇವೆ. ಒಂದು ಸಾಬೂನು ದುಬಾರಿಯಾದರೆ ಇನ್ನೊಂದು ಕೊಳ್ಳಬಹುದು. ಆದರೆ ಹೆದ್ದಾರಿ ಇಷ್ಟವಾಗಲಿಲ್ಲ ಎಂದು ಪಕ್ಕದಲ್ಲಿ ಮತ್ತೊಂದು ಹೆದ್ದಾರಿ ಹುಡುಕಲು ಆಗುವುದಿಲ್ಲ. ಇಂಥ ಕಡೆ ಗ್ರಾಹಕನ ಪರವಾಗಿ ಪ್ರಶ್ನೆ ಕೇಳಲು ನಿಯಂತ್ರಕ ಬೇಕಾಗುತ್ತದೆ. ವಿದ್ಯುತ್ತಿಗೆ ಅಂಥ ವ್ಯವಸ್ಥೆ ಇದೆ. ನಮಗೆ ಕರೆಂಟ್ ಕೊಡುವ ಹೆಸ್ಕಾಂ ತಾನಾಗಿಯೇ ದರ ಏರಿಸುವಂತಿಲ್ಲ. 1999ರಲ್ಲಿ ರಚನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು, ಅದನ್ನು ಪ್ರಕಟಿಸಬೇಕು. ಆಯೋಗ ಜನರ ಆಕ್ಷೇಪಣೆ ಕೇಳಿದ ಮೇಲೆ ಆದೇಶ ಕೊಡುತ್ತದೆ. ಫೋನಿಗೆ ಟ್ರಾಯ್ ಇದೆ. ದೊಡ್ಡ ವಿಮಾನ ನಿಲ್ದಾಣಗಳ ಶುಲ್ಕಕ್ಕೂ 2008ರ ಕಾಯ್ದೆಯ ಪ್ರಕಾರ ಒಂದು ಪ್ರಾಧಿಕಾರವಿದೆ. ರಾಷ್ಟ್ರೀಯ ಹೆದ್ದಾರಿಗೆ ಮಾತ್ರ ಇಂಥ ಸ್ವತಂತ್ರ ನಿಯಂತ್ರಕ ಇಲ್ಲ.

ಹಾಗಾದರೆ ಟೋಲ್ ದರ ನಿರ್ಧಾರವಾಗುವುದು ಹೇಗೆ? ಕೇಂದ್ರ ಸರ್ಕಾರದ 2008ರ ಶುಲ್ಕ ನಿಯಮಗಳಿಂದ. ನಾಲ್ಕು ಪಥದ ರಸ್ತೆಗೆ 2007-08ರ ಮೂಲ ದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಲಾರಿ ಮತ್ತು ಬಸ್ಸಿಗೆ 2 ರೂಪಾಯಿ 20 ಪೈಸೆ. ಈ ಮೂಲ ದರಕ್ಕೆ ಪ್ರತಿ ವರ್ಷ ಶೇ. 3 ಸೇರುತ್ತದೆ. ಸಗಟು ಬೆಲೆ ಸೂಚ್ಯಂಕದ ಏರಿಕೆಯಲ್ಲಿ ಶೇ. 40 ಭಾಗವೂ ಸೇರುತ್ತದೆ. ಅಂದರೆ ದರ ಸೂತ್ರದ ಪ್ರಕಾರ ತಾನಾಗಿ ಏರುತ್ತದೆ, ವಿದ್ಯುತ್ತಿನ ಹಾಗೆ ವಿಚಾರಣೆ ನಡೆಯುವುದಿಲ್ಲ. ಟೋಲ್ ನಾಕಾದಿಂದ 20 ಕಿಲೋಮೀಟರ್ ಒಳಗೆ ಇರುವವರಿಗೆ ತಿಂಗಳ ರಿಯಾಯಿತಿ ಪಾಸ್ ಇದೆ, ಆದರೆ ಸ್ವಂತ ಬಳಕೆಯ ಗಾಡಿಗೆ ಮಾತ್ರ. ಹೊಸಪೇಟೆ ಕಡೆಗೆ ಮಾಲು ಒಯ್ಯುವ ನಮ್ಮ ಚಾಚಾ ಅವರ ಗೂಡ್ಸ್ ಗಾಡಿಗೆ ಅದು ಸಿಗುವುದಿಲ್ಲ. ಟೋಲ್ ಖರ್ಚು ಬಾಡಿಗೆಗೆ, ಬಾಡಿಗೆ ಮಾಲಿನ ಬೆಲೆಗೆ ಸೇರುತ್ತದೆ. ಕೊನೆಗೆ ಬೈಕ್ ಕೂಡ ಇಲ್ಲದವರೂ ಸಂತೆಯಲ್ಲಿ ಅದನ್ನು ಕೊಡುತ್ತಾರೆ.

ಜಮೀನಿನ ವಿಷಯದಲ್ಲಿ ಕೇಳುವ ಅವಕಾಶ ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಸರ್ಕಾರ ಮೊದಲು ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಪ್ರಾದೇಶಿಕ ಭಾಷೆಯಲ್ಲಿರಬೇಕು. ಜಮೀನಿನಲ್ಲಿ ಹಿತಾಸಕ್ತಿ ಇರುವವರು ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ ಕಾರಣ ಸಹಿತ ಲಿಖಿತ ಆಕ್ಷೇಪಣೆ ಕೊಡಬಹುದು. ಆಗ ಅಧಿಕಾರಿ ಅವರ ಮಾತನ್ನು ಕೇಳಲೇಬೇಕು. ನಾವೇ ಹೋಗಿ ಹೇಳಬಹುದು, ವಕೀಲರನ್ನೂ ಕಳಿಸಬಹುದು. ನಾನಾ ಕಳೆದುಕೊಂಡದ್ದು ಈ 21 ದಿನಗಳನ್ನು. ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಬಳಿ ಹೋಗುವ ದಾರಿ ಬೇರೆ ಇದೆ, ಅದು ಇನ್ನೂ ಮುಚ್ಚಿಲ್ಲ.

ಹೊಸ ಹೆದ್ದಾರಿಗಳಿಗೂ ದೊಡ್ಡ ಅಗಲೀಕರಣಗಳಿಗೂ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಅದಕ್ಕೆ ಕನಿಷ್ಠ 30 ದಿನ ಮೊದಲೇ ಪ್ರಕಟಣೆ ಕೊಡಬೇಕು. ಸಣ್ಣ ಅಗಲೀಕರಣಗಳಿಗೆ ಇದು ಅನ್ವಯಿಸುವುದಿಲ್ಲ.

ಬೇರೆ ದೇಶದ ಒಂದು ಉದಾಹರಣೆ ನೋಡೋಣ. ಇಂಗ್ಲೆಂಡಿನಲ್ಲಿ 2015ರಲ್ಲಿ ಮುಖ್ಯ ರಸ್ತೆಗಳನ್ನು ಒಂದು ಸರ್ಕಾರಿ ಕಂಪನಿಗೆ ಒಪ್ಪಿಸಿದರು. ಅದರ ಈಗಿನ ಹೆಸರು ನ್ಯಾಷನಲ್ ಹೈವೇಸ್. ಅದೇ ವರ್ಷ ರೈಲ್ವೆಯ ನಿಯಂತ್ರಕ ಸಂಸ್ಥೆಗೇ ರಸ್ತೆ ಕಂಪನಿಯ ಮೇಲೆ ಕಣ್ಣಿಡುವ ಕೆಲಸವನ್ನೂ ಕೊಟ್ಟರು. ಕೊಟ್ಟ ಮಾತಿನಂತೆ ಕಂಪನಿ ಕೆಲಸ ಮಾಡದಿದ್ದರೆ ಆ ಸಂಸ್ಥೆ ದಂಡ ಹಾಕಬಹುದು. ರಸ್ತೆ ಬಳಸುವವರ ಪರವಾಗಿ ಮಾತನಾಡಲು ಮತ್ತೊಂದು ಸಂಸ್ಥೆ ಇದೆ. ರಸ್ತೆ ಮಾಡುವವರೇ ತಮ್ಮ ಪರೀಕ್ಷೆಯ ಪೇಪರನ್ನು ತಾವೇ ತಿದ್ದಬಾರದು ಎನ್ನುವುದು ಇದರ ಹಿಂದಿನ ವಿಚಾರ. ನಮ್ಮಲ್ಲಿಯೂ ಇಂಥದ್ದೊಂದು ಇರಬೇಕು ಎಂದು ನನಗೆ ಅನಿಸುತ್ತದೆ.

ಅದು ಬರುವವರೆಗೆ ನಾವು ಮಾಡಬಹುದಾದ ಕೆಲಸ ಇದೆ. ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ ಫೋನ್ ಮಾಡಬಹುದು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕೊಟ್ಟು ನಕ್ಷೆ, ಮೋರಿಗಳ ವಿವರ ಕೇಳಬಹುದು. ಆಕ್ಷೇಪಣೆ ಬರೆಯುವಾಗ ಊರು, ಸರ್ವೆ ನಂಬರ್, ತೊಂದರೆ ಏನು, ಏನು ಬದಲಾಗಬೇಕು ಎಂದು ಸ್ಪಷ್ಟವಾಗಿ ಬರೆದು, ಕೊಟ್ಟ ಪ್ರತಿಗೆ ಸ್ವೀಕೃತಿ ಪಡೆಯಬೇಕು.

ಗೆಳೆಯರೇ, ನಮ್ಮಲ್ಲಿ ಬಹಳ ಮನೆಗಳಲ್ಲಿ ಕನ್ನಡ ಓದಲು ಬರುವವರು ನಾವು ಮಕ್ಕಳು ಮಾತ್ರ. ನಾನೀಗ ಪ್ರತಿದಿನ ಪ್ರಕಟಣೆಗಳ ಪುಟವನ್ನು ಮೊದಲು ನೋಡುತ್ತೇನೆ. ನಮ್ಮ ಓಣಿಯವರ ಊರಿನ ಹೆಸರು ಕಂಡರೆ ಹೋಗಿ ಓದಿ ಹೇಳುತ್ತೇನೆ. ನಾನಾ ಅವರ ಮೋರಿಗಾಗಿ ನಾನೇ ಕನ್ನಡದಲ್ಲಿ ಒಂದು ಅರ್ಜಿ ಬರೆದಿದ್ದೇನೆ. ಅವಧಿ ಮುಗಿದಿದ್ದರೂ ಅದನ್ನು ಕಚೇರಿಗೆ ಕೊಟ್ಟು ಬಂದೆವು. ಉತ್ತರ ಇನ್ನೂ ಬಂದಿಲ್ಲ. ಸ್ವೀಕೃತಿಯ ಪ್ರತಿಯನ್ನು ನಾನಾ ತಮ್ಮ ಪಹಣಿಯ ಜೊತೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.