ಒಂದೇ ಊರಿಗೆ ಹದಿನೈದು ಪಟ್ಟ

ಇದು ಇಟಲಿಯ ರೋಮ್ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ ಅದೇ ಹೆಸರಿನ ಇನ್ನೊಂದು ಊರಿದೆ. ಈರಿ ಕಾಲುವೆಗೆ 1817ರಲ್ಲಿ ಮೊದಲ ಗುದ್ದಲಿ ಬಿದ್ದದ್ದು ಇಲ್ಲೇ. ತಾಮ್ರದ ಕಾರ್ಖಾನೆಗಳು, ಪಕ್ಕದಲ್ಲಿ ಗ್ರಿಫಿಸ್ ವಾಯುನೆಲೆ, 1970ರಲ್ಲಿ ಸುಮಾರು 50 ಸಾವಿರ ಜನ. ಇಷ್ಟೇ ಊರು. ಆದರೆ 1971ರಿಂದ 1985ರವರೆಗೆ ಅಮೆರಿಕದ ಕಾರು ರೇಸ್ ಸಂಸ್ಥೆ ನಾಸ್ಕಾರ್‌ನ ಮಾಡಿಫೈಡ್ ಕಾರು ರೇಸಿನ ರಾಷ್ಟ್ರೀಯ ಪಟ್ಟವನ್ನು ಈ ಊರಿನ ಇಬ್ಬರು ಹೊರಗಿನ ಯಾರಿಗೂ ಬಿಟ್ಟುಕೊಡಲಿಲ್ಲ. ಜೆರಿ ಕುಕ್‌ಗೆ ಆರು, ರಿಚಿ ಇವಾನ್ಸ್‌ಗೆ ಒಂಬತ್ತು.

ಇಬ್ಬರಲ್ಲಿ ಊರು ಹೆಚ್ಚು ಹಚ್ಚಿಕೊಂಡಿದ್ದು ಇವಾನ್ಸ್‌ನನ್ನು. ಕಿತ್ತಳೆ ಬಣ್ಣದ ಕಾರು, ಅದರ ಮೇಲೆ 61. ಹುಟ್ಟಿದ್ದು 1941ರಲ್ಲಿ, ರೋಮ್ ಪಕ್ಕದ ವೆಸ್ಟರ್ನ್‌ವಿಲ್‌ನ ಒಕ್ಕಲು ಮನೆತನದಲ್ಲಿ. ಹದಿನಾರಕ್ಕೆ ಹೊಲ ಬಿಟ್ಟು ಗ್ಯಾರೇಜು ಸೇರಿದ. ಮೊದಲು ಬೀದಿಯಲ್ಲಿ ಪಂದ್ಯ, ಆಮೇಲೆ ಡ್ರ್ಯಾಗ್ ರೇಸು, 1962ರಲ್ಲಿ ಯೂಟಿಕಾ-ರೋಮ್ ಟ್ರ್ಯಾಕು. ಅಲ್ಲಿಗೆ ತಂದದ್ದು 1954ರ ಹಳೇ ಓಲ್ಡ್ಸ್‌ಮೊಬೀಲ್. ಅದರ ಮೇಲೆ ಬರೆಸಿದ್ದು ಪಿ.ಟಿ.-109, ಅಂದರೆ ಆಗಿನ ಅಧ್ಯಕ್ಷ ಕೆನಡಿ ಯುದ್ಧಕಾಲದಲ್ಲಿ ನಡೆಸಿದ್ದ ದೋಣಿಯ ಹೆಸರು. ಆ ದೋಣಿ ಮುಳುಗಿತ್ತು ಎಂಬುದು ಹುಡುಗನಿಗೆ ಅಡ್ಡಿಯಾದಂತೆ ಕಾಣುವುದಿಲ್ಲ. 1965ರಲ್ಲಿ ಮಾಡಿಫೈಡ್‌ಗೆ ಏರಿದ, ಆ ಹಂಗಾಮಿನ ಕಡೆಯ ರಾತ್ರಿ ಮೊದಲ ಸಲ ಗೆದ್ದ.

ಮಾಡಿಫೈಡ್ ಕಾರು ನೋಡಲು ಚೆಂದವೇನಲ್ಲ. ನಾಲ್ಕೂ ಚಕ್ರ ಬಾಡಿಯಿಂದ ಆಚೆ ಚಾಚಿಕೊಂಡಿರುತ್ತವೆ. ಆ ಕಾಲದಲ್ಲಿ ಮೇಲೆ ಪಿಂಟೊದಂಥ ಪುಟ್ಟ ಕಾರಿನ ತಗಡು, ಒಳಗೆ ದೈತ್ಯ ವಿ-8 ಎಂಜಿನ್. ಓಡುವುದು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ, ತಿರುಗುವುದು ಎಡಕ್ಕೆ ಮಾತ್ರ. ಹೀಗಾಗಿ ಕಾರನ್ನೇ ಬೇಕೆಂದು ಸೊಟ್ಟಗೆ ಕಟ್ಟುತ್ತಾರೆ. ತೂಕವನ್ನೆಲ್ಲ ಆದಷ್ಟು ಎಡಕ್ಕೆ ಸರಿಸುತ್ತಾರೆ. ಹಿಂದಿನ ಬಲ ಟೈರಿನ ಸುತ್ತಳತೆ ಎಡದ್ದಕ್ಕಿಂತ ಒಂದೆರಡು ಇಂಚು ಹೆಚ್ಚಿರಬೇಕು. ಆಗ ಗಾಡಿ ತಾನಾಗಿಯೇ ಎಡಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ಜೊತೆ ಗುದ್ದಾಡಬೇಕಿಲ್ಲ. ಎಷ್ಟು ಹೆಚ್ಚಿರಬೇಕು ಎಂಬುದು ಟ್ರ್ಯಾಕಿನಿಂದ ಟ್ರ್ಯಾಕಿಗೆ ಬೇರೆ. ಗಾಳಿ ತುಂಬಿ, ಟೇಪು ಸುತ್ತಿ ಅಳೆದು, ಸ್ವಲ್ಪ ಗಾಳಿ ಬಿಟ್ಟು, ಮತ್ತೆ ಅಳೆಯಬೇಕು. ಈ ಲೆಕ್ಕ ತಪ್ಪಿಸಿಕೊಂಡವನು ಎಷ್ಟೇ ಧೈರ್ಯಸ್ಥನಾದರೂ ನಾಲ್ಕು ಸುತ್ತಿನಲ್ಲಿ ಹಿಂದೆ ಬೀಳುತ್ತಾನೆ. ಈ ಆಟದಲ್ಲಿ ಮೆಕ್ಯಾನಿಕ್ ಬುದ್ಧಿಯಿಲ್ಲದೆ ಚಾಲಕನಿಲ್ಲ, ಇವಾನ್ಸ್ ಬಂದದ್ದು ಗ್ಯಾರೇಜಿನಿಂದಲೇ.

ಪಟ್ಟ ಗೆಲ್ಲುವ ಪದ್ಧತಿಯೂ ಹಾಗೇ ಇತ್ತು, ಜೀವ ಹಿಂಡುವಂಥದ್ದು. 1985ಕ್ಕೆ ಮುಂಚೆ ನಿಗದಿತ ಸರಣಿಯೊಂದು ಇರಲಿಲ್ಲ. ನಾಸ್ಕಾರ್ ಮಾನ್ಯತೆಯ ಟ್ರ್ಯಾಕುಗಳಲ್ಲಿ ಓಡಿ ಗಳಿಸಿದ ಅಂಕಗಳನ್ನೆಲ್ಲ ಒಟ್ಟು ಮಾಡುತ್ತಿದ್ದರು. ಹೆಚ್ಚು ಕಡೆ ಓಡಿದವನಿಗೆ ಹೆಚ್ಚು ಅಂಕ. ವಾರದ ಕೊನೆ ಬಂತೆಂದರೆ ಕಾರನ್ನು ಹೇರಿಕೊಂಡು ಒಂದು ರಾತ್ರಿ ಒಂದು ಟ್ರ್ಯಾಕು, ಮರುರಾತ್ರಿ ಇನ್ನೊಂದು ರಾಜ್ಯ. ಮುರಿದದ್ದನ್ನು ಮುಂದಿನ ಪಂದ್ಯದೊಳಗೆ ಸರಿಮಾಡಬೇಕು. 1979ರಲ್ಲಿ ಇವಾನ್ಸ್ ಇಂಥ 60 ಪಂದ್ಯ ಓಡಿ 37 ಗೆದ್ದ. ಮೊದಲ ಪಟ್ಟ ಸಿಕ್ಕಿದ್ದು 1973ರಲ್ಲಿ. 1978ರಿಂದ ಮುಂದಕ್ಕೆ ಸತತ ಎಂಟು.

ಕುಕ್‌ನದು ಬೇರೆ ಜಾಯಮಾನ. ಅವನು ಅಂಕ ಎಣಿಸಿ ಓಡುವವನು, ಇವಾನ್ಸ್ ಗೆಲ್ಲಲಿಕ್ಕೆಂದೇ ಓಡುವವನು ಎಂಬುದು ಹಳಬರ ಮಾತು. ನನಗೇನೋ ಇದು ಕುಕ್‌ಗೆ ಮಾಡುವ ಅನ್ಯಾಯ ಅನ್ನಿಸುತ್ತದೆ. ಆರು ಪಟ್ಟ ಬರೀ ಲೆಕ್ಕಾಚಾರದಿಂದ ದಕ್ಕುವಂಥದ್ದಲ್ಲ. ಆದರೆ ಒಂದೇ ಊರಿನಲ್ಲಿ ಇಬ್ಬರು ಮಲ್ಲರಿದ್ದರೆ ಜನಕ್ಕೆ ಪಕ್ಷ ಕಟ್ಟದೆ ಇರಲಾದೀತೇ?

ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಟ್ರ್ಯಾಕಿನಲ್ಲಿ 1981ರಲ್ಲಿ ನಡೆದದ್ದನ್ನು ಮಾಡಿಫೈಡ್ ಅಭಿಮಾನಿಗಳು ಈಗಲೂ ಬಣ್ಣಿಸುತ್ತಾರೆ. ಕಡೆಯ ಸುತ್ತು, ಕಡೆಯ ತಿರುವು, ಇವಾನ್ಸ್ ಮತ್ತು ಎದುರಾಳಿ ಚಾಲಕ ಜೆಫ್ ಬೊಡೈನ್ ಅಕ್ಕಪಕ್ಕ. ಎರಡೂ ಕಾರು ತಗುಲಿಕೊಂಡವು. ಇವಾನ್ಸ್‌ನ ಕಾರು ಗೋಡೆ ಹತ್ತಿ, ಉಜ್ಜಿಕೊಂಡು, ನುಜ್ಜುಗುಜ್ಜಾಗಿ ಗೆರೆ ದಾಟಿತು. ದಾಟಿದ್ದು ಮೊದಲನೆಯದಾಗಿ! ಬೊಡೈನ್ ಆಮೇಲೆ ನಾಸ್ಕಾರ್‌ನ ಅತಿ ದೊಡ್ಡ ಸರಣಿಗೆ ಹೋಗಿ 1986ರ ಡೇಟೋನಾ 500 ರೇಸು ಗೆದ್ದ. ದುಡ್ಡು, ಟಿ.ವಿ., ಹೆಸರು ಎಲ್ಲ ಇದ್ದದ್ದು ಆ ಕಡೆ. ಇವಾನ್ಸ್ ರೋಮ್‌ನ ಗ್ಯಾರೇಜು ಬಿಡಲಿಲ್ಲ. ದೇಶಕ್ಕೆ ಅವನ ಹೆಸರು ಅಷ್ಟಾಗಿ ಮುಟ್ಟದೆ ಇದ್ದದ್ದಕ್ಕೂ ಊರಿಗೆ ಅವನು ಅಷ್ಟೊಂದು ಬೇಕಾದದ್ದಕ್ಕೂ ಕಾರಣ ಒಂದೇ. ಶನಿವಾರ ರಾತ್ರಿ ಗೆದ್ದವನು ಸೋಮವಾರ ಬೆಳಿಗ್ಗೆ ಊರಲ್ಲೇ ಸಿಗುತ್ತಿದ್ದ.

ಅದೇ ಮಾರ್ಟಿನ್ಸ್‌ವಿಲ್‌ನಲ್ಲಿ 1985ರ ಅಕ್ಟೋಬರ್ 24ರಂದು ಅಭ್ಯಾಸದ ವೇಳೆ ಕಾರು ಗೋಡೆಗೆ ಅಪ್ಪಳಿಸಿ ಇವಾನ್ಸ್ ತೀರಿಕೊಂಡ. ವಯಸ್ಸು 44. ಆ ವರ್ಷದ ಪಟ್ಟ ಆಗಲೇ ಖಾತ್ರಿಯಾಗಿತ್ತು, ಅಂಕದ ದೃಷ್ಟಿಯಿಂದ ಅಲ್ಲಿಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಆ ಕಾಲದ ಮಾಡಿಫೈಡ್ ಕಾರುಗಳ ಚಾಸಿ ವಿಪರೀತ ಗಡುಸು. ಡಿಕ್ಕಿಯಾದಾಗ ತಾನು ಮಡಚಿಕೊಂಡು ಪೆಟ್ಟು ನುಂಗುವ ಬದಲು ಅದನ್ನು ಸೀಟಿನಲ್ಲಿದ್ದವನಿಗೇ ದಾಟಿಸುತ್ತಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಇನ್ನೂ ಕೆಲವರು ಸತ್ತ ಮೇಲೆ ಚಾಸಿಯ ವಿನ್ಯಾಸ ಬದಲಾಯಿತು. ಇಂಥ ತಿದ್ದುಪಡಿಗಳು ಎಲ್ಲ ಕಡೆಯೂ ಹೀಗೇ ತಡವಾಗಿ ಬರುತ್ತವೆ.

ನಾಸ್ಕಾರ್ ಸಾಮಾನ್ಯವಾಗಿ ಯಾವ ನಂಬರನ್ನೂ ಯಾರ ಹೆಸರಿಗೂ ಮೀಸಲಿಡುವುದಿಲ್ಲ. ಮಾಡಿಫೈಡ್ ಸರಣಿಯಲ್ಲಿ ಮಾತ್ರ ಇವಾನ್ಸ್‌ನ 61 ಇನ್ನು ಯಾರಿಗೂ ಇಲ್ಲ. ಫ್ಲಾರಿಡಾದ ನ್ಯೂ ಸ್ಮರ್ನಾ ಟ್ರ್ಯಾಕಿನಲ್ಲಿ ಅವನ ಹೆಸರಿನಲ್ಲಿ ನೂರು ಸುತ್ತಿನ ಸ್ಮಾರಕ ರೇಸು ನಡೆದಿದೆ. ಗ್ರಿಫಿಸ್ ವಾಯುನೆಲೆ 1995ರಲ್ಲಿ ಮುಚ್ಚಿತು, ಊರು ಸೊರಗಿತು. ಅವನ ಹೆಸರು ಮಾತ್ರ ಮಾಸಲಿಲ್ಲ. ಷಾರ್ಲಟ್‌ನ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ 2012ರಲ್ಲಿ ಇವಾನ್ಸ್ ಸೇರ್ಪಡೆಯಾದ, ಮಾಡಿಫೈಡ್ ಚಾಲಕರಲ್ಲಿ ಮೊದಲಿಗನಾಗಿ. ಜೆರಿ ಕುಕ್‌ಗೆ ಅಲ್ಲಿ ಜಾಗ ಸಿಕ್ಕಿದ್ದು 2016ರಲ್ಲಿ. ಅಲ್ಲೂ ಇವಾನ್ಸ್ ಮುಂದೆ, ಕುಕ್ ಹಿಂದೆ.