ಮತ್ತೊಮ್ಮೆ ಓಡಿಸಿದರೆ ಪಾಸ್!

ನಿನ್ನೆಯವರೆಗೆ ಪಾಸ್ ಆಗುತ್ತಿದ್ದ ಟೆಸ್ಟ್ ಇವತ್ತು ಫೇಲ್. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಮತ್ತೆ ಓಡಿಸಿದರೆ ಪಾಸ್! ಸಾಫ್ಟ್‌ವೇರ್‌ನವರ ಬಾಯಲ್ಲಿ ಇದು ‘ಫ್ಲೇಕಿ’ ಟೆಸ್ಟ್. ತನ್ನ ಟೆಸ್ಟ್‌ಗಳಲ್ಲಿ ಸುಮಾರು ಶೇ 16ರಷ್ಟಕ್ಕೆ ಈ ಚಾಳಿ ಇದೆ ಎಂದು ಗೂಗಲ್‌ನಂಥ ಗೂಗಲ್ಲೇ 2016ರಲ್ಲಿ ಹೇಳಿಕೊಂಡಿತ್ತು.

ಹಾಗಾಗಿಯೇ ಫೇಲಾದದ್ದನ್ನು ತಾನಾಗಿ ಮತ್ತೆ ಓಡಿಸುವ ರೀಟ್ರೈ ಬಂತು. ಪೈಟೆಸ್ಟ್‌ಗೆ ಅದಕ್ಕೆಂದೇ ಪ್ಲಗಿನ್ ಇದೆ, ಮೇವನ್‌ನಲ್ಲಿ ಒಂದು ಸೆಟ್ಟಿಂಗ್ ಸಾಕು. ಬೇಡವೆನ್ನುವುದೂ ಕಷ್ಟ. ಸಾವಿರ ಟೆಸ್ಟ್‌ಗಳಿದ್ದು, ಒಂದೊಂದೂ ಸಾವಿರಕ್ಕೊಮ್ಮೆ ಮಾತ್ರ ಸುಮ್ಮಸುಮ್ಮನೆ ಫೇಲಾದರೂ ನೂರರಲ್ಲಿ 63 ಬಿಲ್ಡ್ ಕೆಂಪಾಗುತ್ತವೆ. ದಿನವಿಡೀ ‘ಹುಲಿ ಬಂತು’ ಕೇಳಿದವರು ನಿಜವಾದ ಹುಲಿಗೂ ಏಳುವುದಿಲ್ಲ.

ಆದರೆ ತಪ್ಪು ಟೆಸ್ಟ್‌ನದ್ದೇ ಎಂದವರು ಯಾರು? 2014ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಅಪಾಚೆ ಯೋಜನೆಗಳಲ್ಲಿ ಫ್ಲೇಕಿ ಟೆಸ್ಟ್‌ಗಳಿಗಾಗಿ ಮಾಡಿದ ತಿದ್ದುಪಡಿಗಳನ್ನು ಜಾಲಾಡಿದರು. ಸುಮಾರು ಕಾಲುಭಾಗದಲ್ಲಿ ಮೂಲ ಕೋಡಿಗೇ ಕೈಹಾಕಬೇಕಾಗಿತ್ತು. ಅವುಗಳಲ್ಲಿ ಬಹುಪಾಲು ಅಸಲಿ ಬಗ್‌ಗಳು.

ಹಣ ಪಾವತಿಯ ಟೆಸ್ಟ್ ಒಂದನ್ನು ನೋಡಿ. ಬಟನ್ ಒತ್ತುತ್ತದೆ, ಎರಡು ಸೆಕೆಂಡ್ ಕಾಯುತ್ತದೆ, ರಸೀದಿ ಹುಡುಕುತ್ತದೆ. ಸರ್ವರ್ ತಡವಾದರೆ ಫೇಲ್. ಅದು ಟೆಸ್ಟ್‌ನ ಅವಸರ, ಸರಿ. ಎರಡು ಥ್ರೆಡ್‌ಗಳು ಒಂದೇ ಖಾತೆಯ ಬ್ಯಾಲೆನ್ಸನ್ನು ಒಟ್ಟಿಗೇ ತಿದ್ದಹೋಗಿ ಲೆಕ್ಕ ತಪ್ಪಿದ್ದರೆ? ಹತ್ತಕ್ಕೊಮ್ಮೆ ತಲೆಯೆತ್ತುವ ಇಂಥ ಬಗ್‌ಗೆ ಮೂರು ಅವಕಾಶ ಕೊಟ್ಟರೆ, ಸಾವಿರದಲ್ಲಿ 999 ಸಲ ಹಸಿರು ನಿಶಾನೆ ಸಿಗುತ್ತದೆ. ದುಡ್ಡು ಕಟ್ಟುವ ಗ್ರಾಹಕನಿಗೆ ಮಾತ್ರ ಒಂದೇ ಅವಕಾಶ.

ಇನ್ನೊಂದು ಬಗೆ ಭಾರತದಲ್ಲಿ ಕೂತು ಕೋಡ್ ಬರೆಯುವವರಿಗೆ ಚೆನ್ನಾಗಿ ಗೊತ್ತು. ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯದ್ದು. ನಮ್ಮ ನಡುರಾತ್ರಿ 12ರಿಂದ ಬೆಳಗಿನ 5.30ರವರೆಗೆ ಅದರಲ್ಲಿ ಇನ್ನೂ ನಿನ್ನೆಯದೇ ತಾರೀಖು. ಎರಡೂ ಕಡೆಯ ‘ಇಂದು’ ತಾಳೆ ನೋಡುವ ಟೆಸ್ಟ್ ಆ ಹೊತ್ತಿನಲ್ಲಿ ಎಷ್ಟು ಸಲ ಓಡಿಸಿದರೂ ಫೇಲ್, ತಿಂಡಿ ಹೊತ್ತಿಗೆ ಪಾಸ್. ರಾತ್ರಿ ಪಾಳಿಯವರ ಮಾತನ್ನು ಹಗಲಿನವರು ನಂಬುವುದೂ ಇಲ್ಲ!

ನನ್ನ ಕೇಳಿದರೆ, ರೀಟ್ರೈ ಇರಲಿ, ಒಂದೇ ಸಲ. ಮೊದಲ ಫೇಲ್ ಮತ್ತು ಅದರ ಲಾಗ್ ಅಳಿಯಬಾರದು. ಟೆಸ್ಟ್ ಓಡಿಸುವ ಸಾಧನ ಪ್ಲೇರೈಟ್ ಈ ವಿಷಯದಲ್ಲಿ ಪ್ರಾಮಾಣಿಕ: ಎರಡನೇ ಸಲ ಗೆದ್ದದ್ದನ್ನು ಪಾಸ್ ಆದವುಗಳ ಜೊತೆ ಸೇರಿಸದೆ, ಫ್ಲೇಕಿ ಎಂದೇ ಬೇರೆಯಾಗಿ ತೋರಿಸುತ್ತದೆ. ಆ ಪಟ್ಟಿಯ ಒಂದೊಂದು ಟೆಸ್ಟ್‌ಗೂ ಒಬ್ಬರು ಹೊಣೆ ಹೊರಬೇಕು. ಹಣದ ಲೆಕ್ಕ, ಔಷಧದ ಪ್ರಮಾಣ ಮುಟ್ಟುವ ಕೋಡಿಗಂತೂ ರೀಟ್ರೈ ಬೇಡವೇ ಬೇಡ. ರಿಲೀಸ್ ವಾರ ಬಂತೆಂದರೆ ರೀಟ್ರೈ ಸಂಖ್ಯೆಯನ್ನು ಒಂದರಿಂದ ಐದಕ್ಕೆ ಏರಿಸುವ ಕೈಗಳು ಇದ್ದೇ ಇರುತ್ತವೆ. ಕೋಡಿಗೆ ಮಾಡಿಸುವಂತೆ ಅದಕ್ಕೂ ಇನ್ನೊಬ್ಬರಿಂದ ರಿವ್ಯೂ ಮಾಡಿಸಬೇಕು.