ಟಿಸಿಯೊಳಗಿನ ಕಬ್ಬಿಣ

ಶ್ರೀರಂಗಪಟ್ಟಣ, ಪಾಂಡವಪುರದ ಕಬ್ಬಿನ ಗದ್ದೆಯಿರಲಿ, ಕೆ.ಆರ್. ಪೇಟೆ, ನಾಗಮಂಗಲದ ತೆಂಗಿನ ತೋಟವಿರಲಿ, ಪಂಪ್‌ಸೆಟ್ ಓಡಬೇಕಾದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸರಿಯಿರಬೇಕು. ಅದರ ಗುಂಯ್ ಎನ್ನುವ ಸದ್ದು ಒಳಗಿನ ಕೋರ್‌ನದು. ಸೆಕೆಂಡಿಗೆ 50 ಆವರ್ತನೆಯ ಕಾಂತಕ್ಷೇತ್ರಕ್ಕೆ ಸಿಕ್ಕ ಉಕ್ಕು ಪ್ರತಿ ಆವರ್ತನೆಗೆ ಎರಡು ಸಲ ಅತಿ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ.

ಈ ಕೋರ್ ಒಂದೇ ಗಟ್ಟಿಯಲ್ಲ. ಸಿಲಿಕಾನ್ ಬೆರೆತ ಉಕ್ಕಿನ, ಸುಮಾರು 0.3 ಮಿಲಿಮೀಟರ್ ದಪ್ಪದ ತಗಡುಗಳನ್ನು ಲೇಪ ಹಚ್ಚಿ ಒತ್ತಾಗಿ ಜೋಡಿಸಿರುತ್ತಾರೆ. ಹಾಗಿಲ್ಲದಿದ್ದರೆ ಸುಳಿ ವಿದ್ಯುತ್ ಹರಿದು ಅದು ಕಾದುಹೋಗುತ್ತಿತ್ತು.

ನಿಜವಾದ ಕಷ್ಟ ಸಿಡಿಲಿನದು. ಆ ಹೊಡೆತದಲ್ಲಿ ಸೆಕೆಂಡಿಗೆ ಲಕ್ಷಾಂತರ ಸಲ ಮಿಡಿಯುವ ಅಲೆಗಳೂ ಇರುತ್ತವೆ. ಮಿಡಿತ ಹೆಚ್ಚಿದಷ್ಟೂ ಕಾಂತಕ್ಷೇತ್ರ ತಗಡಿನ ಮೇಲ್ಮೈಯಲ್ಲೇ ಉಳಿಯುತ್ತದೆ, ಉಕ್ಕಿನ ಪ್ರತಿಕ್ರಿಯೆ ಹಿಂದೆ ಬೀಳುತ್ತದೆ. ಆವರ್ತನೆಗೆ ತಕ್ಕಂತೆ ಗುಣ ಬದಲಿಸುವ ಇಂಥ ವಸ್ತುವಿಗೆ ಒಂದೇ ಸಂಖ್ಯೆ ಹಾಕಿ ಲೆಕ್ಕ ಮುಗಿಸಲಾಗದು.

1902ರಲ್ಲಿ ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಇಂಥ ಲೆಕ್ಕ ಮಾಡಲು ಕಂಪ್ಯೂಟರ್ ಇರಲಿಲ್ಲ. 1966ರಲ್ಲಿ ಕೇನ್ ಯೀ ಎಂಬ ಸಂಶೋಧಕರು ಅದಕ್ಕೆ ದಾರಿ ತೋರಿಸಿದರು: ಜಾಗವನ್ನು ಪುಟ್ಟ ಘನಗಳಾಗಿ, ಕಾಲವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆದು ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸುವುದು. ಕಾಂತವಸ್ತುವಿನ ಈ ಕ್ಷಣದ ವರ್ತನೆಯಲ್ಲಿ ಕಳೆದ ಕ್ಷಣಗಳ ಪ್ರಭಾವವೂ ಇರುತ್ತದೆ. ಹಾಗಾಗಿ ಪ್ರತಿ ಘನಕ್ಕೂ ಆ ನೆನಪಿನ ಸಂಖ್ಯೆಗಳನ್ನು ಸೇರಿಸಬೇಕು.

ಇಂಥ ಲೆಕ್ಕಾಚಾರಗಳಿಂದ, ಸಿಡಿಲು ಹೊಡೆದಾಗ ಕೋರ್ ಸುತ್ತಲಿನ ತಂತಿ ಸುರುಳಿಯ ಯಾವ ಸುತ್ತಿನ ಇನ್ಸುಲೇಷನ್ ಮೇಲೆ ಒತ್ತಡ ಹೆಚ್ಚೆಂಬುದನ್ನು ತಯಾರಿಕೆಗೆ ಮುಂಚೆಯೇ ಅಂದಾಜಿಸಿ, ಅಲ್ಲಿ ಅದನ್ನು ಬಲಪಡಿಸಬಹುದು.